ನಿಲ್ಲಿಸಿ ಒಯ್ಯುವ ಗಾಡಿ

ಹಳೇ ಗಾಡಿ ಕೊಳ್ಳಲು ಬಂದವರು ಮೊದಲು ಕೇಳುವುದು ಎಷ್ಟು ಓಡಿದೆ, ಲೀಟರಿಗೆ ಎಷ್ಟು ಕೊಡುತ್ತದೆ, ಕಡೇ ಮಾತು ಎಷ್ಟು ಅಂತ. ತುರ್ವಿಹಾಳದ ಹುಲಿಗೇಶ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಸೀದಾ ಗಾಡಿಯ ಹಿಂದಕ್ಕೆ ಹೋಗಿ, ಬಾಗಿಲು ತೆಗೆಸಿ, ಜೇಬಿನಿಂದ ಟೇಪು ತೆಗೆದು ಕೆಳಗಿನ ಅಂಚಿನಿಂದ ಮೇಲಿನ ಅಂಚಿಗೆ ಹಿಡಿಯುತ್ತಿದ್ದ. ಐದೂವರೆ ಅಡಿ ಬರಲಿಲ್ಲವೋ, ಎಂಜಿನ್ ನೋಡುವ ಗೋಜಿಗೂ ಹೋಗದೆ 'ಬರ್ತೀನ್ರಿ' ಎಂದು ಹೊರಟುಬಿಡುತ್ತಿದ್ದ. ಸಿಂಧನೂರಿನ ಗಾಡಿ ದಲ್ಲಾಳಿಗಳಿಗೆ ಅವನೊಂದು ಚೇಷ್ಟೆಯ ವಸ್ತುವಾಗಿದ್ದ.

"ಏನಲೇ, ಒಂಟಿ ಸಾಕೀಯೇನು?" ಎಂದು ಒಬ್ಬ ಕೇಳಿದ್ದ.

"ಇಲ್ರಿ, ಅಲಮಾರಿ ಐತ್ರಿ. ಮಲಗಿಸಂಗಿಲ್ಲ, ನಿಲ್ಲಿಸೇ ಒಯ್ಯಬೇಕು" ಎಂದು ಹುಲಿಗೇಶ ಸುಳ್ಳು ಹೇಳಿದ್ದ.

ನಿಜ ಹೇಳಿದ್ದರೆ ಗಾಡಿಯ ಬಾಗಿಲು ತೆಗೆಯುವುದಿರಲಿ, ಮುಟ್ಟಲೂ ಬಿಡುತ್ತಿರಲಿಲ್ಲ. ಅವನು ಒಯ್ಯಬೇಕಾಗಿದ್ದದ್ದು ಹೆಣ ಇಡುವ ಐಸ್ ಪೆಟ್ಟಿಗೆ. ಅದೂ ಊರಲ್ಲೆಲ್ಲ ಇರುವಂಥ ಉದ್ದನೆಯ ಪೆಟ್ಟಿಗೆಯಲ್ಲ. ಹೆಣವನ್ನು ಕೂಡಿಸುವ ಪೆಟ್ಟಿಗೆ.

ಉದ್ದನೆಯ ಪೆಟ್ಟಿಗೆ ಹುಲಿಗೇಶನ ಹತ್ತಿರ ಆರು ವರ್ಷದಿಂದ ಇತ್ತು. ಸಿಂಧನೂರಿನಲ್ಲಿ ಒಂದು ತಗಡಿನ ಶೆಡ್ಡು ಹಿಡಿದು, ಗೋಡೆಯ ಮೇಲೆ ತನ್ನ ಮೊಬೈಲ್ ನಂಬರು ಬರೆಸಿ ಬಾಡಿಗೆಗೆ ಬಿಡುತ್ತಿದ್ದ. ನಮ್ಮ ಕಡೆ ಬೇಸಿಗೆ ಎಂದರೆ ಬದುಕಿದ್ದವರೇ ಕೊಳೆಯುವಂಥದ್ದು, ಸತ್ತವರ ಪಾಡು ಕೇಳಬೇಕೆ. ಮಗಳು ಪುಣೆಯಿಂದ ಬರಬೇಕು, ತಮ್ಮ ಗೋವೆಯಿಂದ ಬರಬೇಕು ಎಂದರೆ ಹುಲಿಗೇಶನಿಗೆ ಫೋನು ಬರುತ್ತಿತ್ತು. ಅವನು ಪೆಟ್ಟಿಗೆ ಒಯ್ದು ಮನೆಯ ಅಂಗಳದಲ್ಲಿ ಇಳಿಸಿ, ಮನೆಯವರಲ್ಲಿ ಒಬ್ಬನನ್ನು ಕರೆದು ಗುಂಡಿ ತೋರಿಸಿ, 'ಇದನ್ನ ಹಿಂಗ ತಿರುವ್ರಿ, ವೈರು ಎಳೀಬ್ಯಾಡ್ರಿ' ಎಂದು ಹೇಳಿಕೊಡುತ್ತಿದ್ದ. ಅವರೇ ತಳ್ಳಿಕೊಂಡು ಒಳಗೆ ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಅವರೇ ಹೊರಗೆ ತಂದಿಟ್ಟು ನೀರು ಹೊಯ್ಯುತ್ತಿದ್ದರು. ಅಲ್ಲಿತನಕ ಅವನು ಅಂಗಳದಲ್ಲಿ ಬೇವಿನ ಗಿಡವೋ ಟ್ರ್ಯಾಕ್ಟರಿನ ನೆರಳೋ ನೋಡಿಕೊಂಡು ಕೂರುತ್ತಿದ್ದ. ಯಾಕೆ ಅಂತ ಯಾರೂ ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಅವನ ಕೇರಿಯ ಹೆಸರು ಗೊತ್ತಿದ್ದವರಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಅವನಪ್ಪ ಅಂಬಪ್ಪನದು ಇದಕ್ಕಿಂತ ಹಳೇ ಕತೆ. ಅಂಬಪ್ಪ ತುರ್ವಿಹಾಳದ ಬಸವಂತರಾಯರ ಮನೆಯ ಅಂಗಳದಲ್ಲಿ ನಲವತ್ತು ವರ್ಷ ದುಡಿದವನು. ಕಸ ಹೊಡೆಯುವುದು, ಮೇವಿನ ಬಣವಿ ಒಟ್ಟುವುದು, ಆ ಮನೆತನದಲ್ಲಿ ಯಾರಾದರೂ ಸತ್ತರೆ ಹಲಗಿ ಬಡಿಯುವುದು, ಬೀಗರೂರುಗಳಿಗೆ ನಡೆದು ಸುದ್ದಿ ಮುಟ್ಟಿಸುವುದು, ಕುಣಿ ತೋಡುವುದು, ಎಲ್ಲವೂ ಅವನ ಪಾಲಿಗೆ. 'ಧಣಿ ಚಲೋ ಮನಶಾ' ಎಂದು ಈಗಲೂ ಹೇಳುತ್ತಾನೆ. ನಲವತ್ತು ವರ್ಷ ಬಿಸಿಲಲ್ಲಿ ನಿಲ್ಲಿಸಿದವನನ್ನು ಒಳ್ಳೆಯವನು ಎನ್ನಲು ಎಂಥ ಹೊಟ್ಟೆ ಬೇಕೋ, ಬರೆಯುವ ನನಗಂತೂ ಅದು ಇಲ್ಲ.

ಮಗ ಐಸ್ ಪೆಟ್ಟಿಗೆ ತಂದ ದಿನ ಅಂಬಪ್ಪ ಉಣ್ಣಲಿಲ್ಲ. "ಅವರ ಹೆಣದ ಹಿಂದ ಹೋಗೂದು ನನಗ ಮುಗೀಲಿ ಅಂತ ನಿನಗ ಹತ್ತನೇ ಇಯತ್ತೆ ತನಕ ಓದಿಸಿದ್ನಲ್ಲೋ. ನೀ ದುಡ್ಡು ಕೊಟ್ಟು ಹೆಣದ ಕೆಲಸ ಮನೀಗೆ ತಂದೆಲ್ಲ" ಎಂದಿದ್ದ.

"ನೀ ಕರದಾಗ ಹೋಗ್ತಿದ್ದಿ ಯಪ್ಪಾ. ನಾ ಬಾಡಿಗಿ ಹೇಳಿ ಹೋಗ್ತೀನಿ. ರಸೀದಿ ಹರದು ಕೊಡ್ತೀನಿ. ಎರಡೂ ಒಂದ ಏನು?" ಎಂದಿದ್ದ ಹುಲಿಗೇಶ.

ಒಂದಲ್ಲ ಎಂದು ತೋರಿಸಬೇಕೆನ್ನುವುದೇ ಅವನ ಹಟ. ಹೊಟ್ಟೆಪಾಡಿಗಾದರೆ ಉದ್ದನೆಯ ಪೆಟ್ಟಿಗೆಯೇ ಸಾಕಾಗಿತ್ತು. ಆದರೆ ಅದನ್ನು ಇಟ್ಟುಕೊಂಡು ಲಿಂಗವಂತರ ಮನೆಗೆ ಹೋಗುವ ಹಾಗಿರಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತು ಮೈ ಸೆಟೆಯುವ ಮೊದಲೇ ಚಕ್ಕಳಮಕ್ಕಳ ಕೂಡಿಸಿ, ಗೋಡೆಗೆ ಒರಗಿಸಿ, ಬಟ್ಟೆಯಿಂದ ಬಿಗಿದು, ಹಣೆಗೆ ವಿಭೂತಿ ಹಚ್ಚುತ್ತಾರೆ. ಕೂತಂತೆಯೇ ಹೊತ್ತು ಒಯ್ದು ಕೂತಂತೆಯೇ ಮಣ್ಣು ಮಾಡುತ್ತಾರೆ. ದಢೇಸುಗೂರಿನಲ್ಲಿ ಒಂದು ಮನೆಯವರು ದೂರದಿಂದ ಬರುವ ಮಗಳಿಗಾಗಿ ವಿಧಿಯಿಲ್ಲದೆ ಯಜಮಾನನನ್ನು ಇವನ ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿಸಿದರು. ಮರುದಿನ ತೆಗೆದರೆ ಮೈ ಕಟ್ಟಿಗೆ. ಕೂಡಿಸಲು ಬಗ್ಗುತ್ತಿಲ್ಲ. ಬಿಸಿನೀರು ಹೊಯ್ದರು, ಎಣ್ಣೆ ತಿಕ್ಕಿದರು, ಕೊನೆಗೆ ನಾಲ್ಕು ಜನ ಗಂಡಸರು ಮೊಣಕಾಲು ಒತ್ತಿ ಹಿಡಿದರು. ಆ ಸದ್ದು ಅಂಗಳದಲ್ಲಿ ಕೂತಿದ್ದ ಹುಲಿಗೇಶನಿಗೂ ಕೇಳಿಸಿತು. ಒಳಗಿಂದ ಆ ಮಗಳು ಚೀರಿದ್ದೂ ಕೇಳಿಸಿತು. ಅವತ್ತು ಅವನು ಬಾಡಿಗೆ ಕೇಳದೆ ಬಂದುಬಿಟ್ಟ.

ಆಮೇಲೆ ಸಿಂಧನೂರಿನ ಫ್ರಿಜ್ ಮೆಕ್ಯಾನಿಕ್ ನಾಸೀರನ ಬೆನ್ನು ಹತ್ತಿದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ನಾಲ್ಕು ತಿಂಗಳು ಕೂತು ನಾಸೀರ ಒಂದು ಪೆಟ್ಟಿಗೆ ಮಾಡಿದ. ಕೆಳಗೆ ತಂಪು ಮಾಡುವ ಯಂತ್ರ, ಅದರ ಮೇಲೆ ಮನುಷ್ಯ ಕೂರುವಷ್ಟು ಹಲಗೆ, ಬೆನ್ನಿಗೆ ಒರಗು, ಮೂರು ಕಡೆ ಗಾಜು, ನೆತ್ತಿಯ ಮೇಲೆ ಒಂದು ಸಣ್ಣ ಲೈಟು. ಗಾಲಿ ಸೇರಿ ಐದು ಅಡಿ ಐದು ಇಂಚು ಎತ್ತರ. ಅಂಬಿಕಾ ತನ್ನ ಬಂಗಾರದ ಬೋರಮಾಳ ಸರ ಕೊಟ್ಟಳು. ಅವಳು ಹುಲಿಗೇಶನ ಹೆಂಡತಿ, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಸರ ಕೊಡುವಾಗ ಮುಖ ಸಿಂಡರಿಸಲಿಲ್ಲ. "ಚಲೋ ಕೆಲಸಕ್ಕ ಹಾಕಾಕತ್ತೀರಿ, ಹಾಕ್ರಿ" ಎಂದಳು.

ಪೆಟ್ಟಿಗೆ ಒಪ್ಪಿಸುವಾಗ ನಾಸೀರ ಒಂದೇ ಮಾತು ಹೇಳಿದ. "ಹುಲಿಗಾ, ಇದನ್ನ ಯಾವತ್ತೂ ಅಡ್ಡ ಹಾಕಬ್ಯಾಡ. ಸ್ವಲ್ಪ ಬಗ್ಗಿಸಿದ್ರ ನಡೀತದ, ಪೂರಾ ಮಲಗಿಸಿದಿ ಅಂದ್ರ ಎಣ್ಣಿ ಪೈಪಿಗಿ ಇಳೀತದ. ಭಾರ ಎಲ್ಲಾ ಬುಡದಾಗ ಐತಿ, ಪೈಪು ಮುರದ್ರೂ ಮುರೀತದ. ಆಮ್ಯಾಲ ನಾನೂ ಏನೂ ಮಾಡಂಗಿಲ್ಲ."

ಮೊದಲನೆಯ ಕರೆ ಮುದಗಲ್ ಕಡೆಯ ಹಳ್ಳಿಯಿಂದ ಬಂತು. ಬಾಡಿಗೆ ಗಾಡಿಯ ಡ್ರೈವರು ಹತ್ತು ಸಲ ಹೂಂ ಅಂದವನು, ದಾರಿಯಲ್ಲಿ ಗಾಳಿಗೆ ಪೆಟ್ಟಿಗೆ ತೂಗಾಡುತ್ತದೆ ಎಂದು ಹುಲಿಗೇಶ ಚಹಾ ಕುಡಿಯುವಷ್ಟರಲ್ಲಿ ಮಲಗಿಸಿ ಹಗ್ಗ ಬಿಗಿದುಬಿಟ್ಟಿದ್ದ. ಪೆಟ್ಟಿಗೆಯನ್ನು ಅಲ್ಲಿ ಇಳಿಸುವ ಕೆಲಸವೇ ಬೀಳಲಿಲ್ಲ, ಗಾಡಿಯಲ್ಲೇ ಹಚ್ಚಿ ನೋಡಿದರೆ ಗರ್ ಎಂದಿತು, ತಂಪಾಗಲಿಲ್ಲ. ಸತ್ತವರ ಮನೆಯ ಬಾಗಿಲಿಂದ ಬೈಸಿಕೊಂಡು ವಾಪಸು ಬಂದರು. ನಾಸೀರ ಮೂರು ವಾರ ಹೆಣಗಿ ಯಂತ್ರವನ್ನೇ ಬದಲಿಸಿದ. ಇನ್ನೊಬ್ಬರ ಗಾಡಿ ನಂಬಿದರೆ ಈ ಪೆಟ್ಟಿಗೆ ಉಳಿಯುವುದಿಲ್ಲ ಎಂದು ಹುಲಿಗೇಶನಿಗೆ ಆಗ ಖಾತ್ರಿಯಾಯಿತು. ತನ್ನದೇ ಗಾಡಿ ಬೇಕು. ಹೊಸದು ಕನಸಿನ ಮಾತು. ಹಳೇದೇ ಆಗಲಿ, ಆದರೆ ಪೆಟ್ಟಿಗೆಯನ್ನು ನಿಲ್ಲಿಸಿಯೇ ಒಯ್ಯುವಂಥದ್ದಾಗಬೇಕು.

ಭಾನುವಾರ ಬಂತೆಂದರೆ ಅವನೂ ನಾಸೀರನೂ ಬೈಕಿನ ಮೇಲೆ ಗಾಡಿ ಹುಡುಕುತ್ತಾ ಹೊರಡುತ್ತಿದ್ದರು. ಸಿಂಧನೂರಿನಲ್ಲಿ ಒಂದು ಓಮ್ನಿ ಕಂಡಿತು. ಮಾಸ್ತರರು ಓಡಿಸಿದ್ದು, ಮದುಮಗಳ ಹಾಗೆ ಇಟ್ಟಿದ್ದರು. ಎಂಜಿನ್ ಸದ್ದು ಕೇಳಿ ನಾಸೀರನ ಬಾಯಲ್ಲಿ ನೀರೂರಿತು. ಹುಲಿಗೇಶ ಟೇಪು ಹಿಡಿದ. ನಾಲ್ಕು ಅಡಿಯೂ ಇಲ್ಲ. ಹಿಂದಿನ ಸೀಟು ತೆಗೆಸಿ, ತಗಡು ಕೊಯ್ಸಿ ಎತ್ತರಿಸೋಣವೇ ಎಂದರೆ ಮಾಸ್ತರರು ಹೌಹಾರಿ ಬಾಗಿಲು ಹಾಕಿಕೊಂಡರು. ಮಸ್ಕಿಯಲ್ಲಿ ಸಣ್ಣ ಗೂಡ್ಸ್ ಗಾಡಿ ಸಿಕ್ಕಿತು. ಮೇಲೆ ಆಕಾಶವೇ ಇದ್ದುದರಿಂದ ಎತ್ತರದ ತಕರಾರಿಲ್ಲ. ಆದರೆ ಬಿಸಿಲಿಗೆ ಗಾಜು ಕಾದು ಒಡೆಯುತ್ತದೆ ಎಂದ ನಾಸೀರ. ಅದಕ್ಕಿಂತ ಹೆಚ್ಚಾಗಿ, ಹೆಣ ಕೂಡಿಸುವ ಪೆಟ್ಟಿಗೆ ನೆಟ್ಟಗೆ ನಿಂತು ಎಲ್ಲರಿಗೂ ಕಾಣುವ ಹಾಗೆ ಊರೊಳಗಿಂದ ಹೊರಟರೆ ಅಂಗಡಿಯವರು ಸುಮ್ಮನಿರುತ್ತಾರೆಯೇ? ಮದುವೆಯ ಹಂದರದ ಮುಂದೆ ಹಾದರಂತೂ ಕಲ್ಲು ಬೀಳುತ್ತವೆ. ಮುಚ್ಚಿದ ಗಾಡಿಯೇ ಬೇಕಿತ್ತು.

ಹೀಗೆ ಎರಡು ತಿಂಗಳು ಕಳೆದವು. ಮಾರ್ಚ್ ಬಂತು, ಬಿಸಿಲು ಏರಿತು, ಪೆಟ್ಟಿಗೆ ಶೆಡ್ಡಿನಲ್ಲಿ ಚಾದರ ಹೊದ್ದು ನಿಂತೇ ಇತ್ತು. ಎರಡು ಕರೆ ಬಂದರೂ ಹೋಗಲಾಗದೆ ಹುಲಿಗೇಶ ಕೈ ಕೈ ಹಿಸುಕಿಕೊಂಡ.

ಕೊನೆಗೆ ಲಿಂಗಸುಗೂರಿನಲ್ಲಿ ಜಿಲಾನಿಸಾಬರ ಅಡ್ಡಾ ಸಿಕ್ಕಿತು. ಜಿಲಾನಿಸಾಬ್ ಮೊದಲು ಎತ್ತಿನ ದಲ್ಲಾಳಿಯಾಗಿದ್ದವರು. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಅವರೂ ಹಳೇ ಗಾಡಿಗಳ ದಲ್ಲಾಳಿಯಾದರು. ಎತ್ತಿನ ಹಲ್ಲು ನೋಡುತ್ತಿದ್ದ ಕಣ್ಣಿನಲ್ಲೇ ಟೈರು ನೋಡುತ್ತಿದ್ದರು.

"ಸುಳ್ಳು ಹೇಳಬ್ಯಾಡ ಬೇಟಾ. ಅಲಮಾರಿಗೆ ಯಾರೂ ಗಾಡಿ ತಗೋಳಂಗಿಲ್ಲ. ಏನು ಹಾಕ್ತಿ ಗಾಡ್ಯಾಗ?" ಎಂದು ಕೇಳಿದರು.

ಆ ಮುದುಕರ ಮುಖ ನೋಡಿ ಹುಲಿಗೇಶನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎಲ್ಲ ಹೇಳಿಬಿಟ್ಟ. ಜಿಲಾನಿಸಾಬ್ ಗಡ್ಡ ಕೆರೆದುಕೊಂಡರು. ಆಮೇಲೆ "ಬಾ" ಎಂದು ಹಿತ್ತಲಿಗೆ ಕರೆದೊಯ್ದರು.

ಅಲ್ಲಿ ಒಂದು ಬೇಕರಿಯವರ ಹಳೇ ಬ್ರೆಡ್ ಗಾಡಿ ನಿಂತಿತ್ತು. ಟ್ರೇ ಮೇಲೆ ಟ್ರೇ ಜೋಡಿಸಲು ಹಿಂದೆ ಎತ್ತರಕ್ಕೆ ತಗಡಿನ ಮನೆ ಕಟ್ಟಿಸಿದ್ದರು. ಹುಲಿಗೇಶ ಬಾಗಿಲು ತೆಗೆದ ಕೂಡಲೇ ಬನ್ನಿನ ವಾಸನೆ ಬಂತು. ಟೇಪು ಹಿಡಿದ. ಐದು ಅಡಿ ಎಂಟು ಇಂಚು. ಎರಡನೆಯ ಸಲ ಹಿಡಿದ, ಅಷ್ಟೇ ಬಂತು. ಒಳಗೆ ಹತ್ತಿ ನಿಂತ. ತಲೆಗೆ ತಗಡು ತಾಗಿತು. ಅವನಿಗೆ ನಗು ತಡೆಯಲಾಗಲಿಲ್ಲ.

ನಾಸೀರ ಗಾಡಿಯ ಕೆಳಗೆ ತೂರಿದ. ಗದ್ದೆ ಸೀಮೆಯಲ್ಲಿ ಓಡಿದ ಗಾಡಿ, ಕೆಸರು ಹತ್ತಿ ಚೌಕಟ್ಟು ತುಕ್ಕು ಹಿಡಿದಿದೆಯೋ ಎಂದು ಸ್ಕ್ರೂಡ್ರೈವರಿನಿಂದ ಕೆರೆದು ಕೆರೆದು ನೋಡಿದ. ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡಿದ, ತಣ್ಣಗಾದ ಮೇಲೆ ಮತ್ತೊಮ್ಮೆ ಹೊಡೆದು ನೋಡಿದ. ಒಂದು ಕಡೆ ವೆಲ್ಡಿಂಗ್ ಇತ್ತು. "ಅದನ್ನ ನಾನೇ ಹೇಳತಿದ್ದೆ" ಎಂದರು ಜಿಲಾನಿಸಾಬ್. ಕ್ಲಚ್ ಸವೆದಿದೆ, ಎಫ್‌ಸಿ ಇನ್ನೂ ಎಂಟು ತಿಂಗಳಿದೆ, ಹಿಂದಿನವರ ಬ್ಯಾಂಕ್ ಸಾಲ ತೀರಿದ ಕಾಗದ ಇದೆ ಎಂದು ಎಲ್ಲವನ್ನೂ ಮುಂದಿಟ್ಟರು. ಎತ್ತಿನ ಸಂತೆಯ ಪದ್ಧತಿಯಂತೆ ಹೆಗಲ ಮೇಲಿನ ಟವೆಲ್ ಇಬ್ಬರ ಕೈಗಳ ಮೇಲೆ ಹಾಕಿಕೊಂಡು, ಅದರ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡಿದರು. ಹುಲಿಗೇಶ ಎರಡು ಬೆರಳು ಬಿಡಿಸಿದ, ಜಿಲಾನಿಸಾಬ್ ಒಂದು ಮಡಚಿದರು. ಮುಗಿಯಿತು. ಹೆಣ್ಣುಮಕ್ಕಳ ಸಂಘದಲ್ಲಿ ಅಂಬಿಕಾ ಸಾಲ ಎತ್ತಿದ್ದು, ಹಳೇ ಬೈಕು ಮಾರಿದ್ದು, ಉದ್ದನೆಯ ಪೆಟ್ಟಿಗೆಯನ್ನು ಬೇರೆಯವನಿಗೆ ಕೊಟ್ಟಿದ್ದು, ಎಲ್ಲ ಸೇರಿ ಹೊಂದಿತು. ಇನ್ನು ಮೇಲೆ ಕೂಡಿಸುವ ಪೆಟ್ಟಿಗೆ ಮತ್ತು ಈ ಗಾಡಿ, ಎರಡೇ ಅವರ ಅನ್ನ.

ಗಾಡಿ ಕೇರಿಗೆ ಬಂದ ದಿನ ಅಂಬಿಕಾ ಒಳಗೆ ಮೂಗು ಹಾಕಿ, "ಹೆಣದ ಗಾಡಿ ಅಂತ ಯಾರು ಅಂತಾರ ಇದಕ, ಬೆಣ್ಣಿ ಬಿಸ್ಕಿಟ್ ವಾಸನಿ ಬರಾಕತ್ತೈತಿ" ಎಂದು ನಕ್ಕಳು. ಅಂಬಪ್ಪ ಕಟ್ಟೆಯ ಮೇಲಿಂದ ಇಳಿದು ಬಂದು ತಗಡಿಗೆ ಕೈಯಾಡಿಸಿದ. ಬೈಯಲಿಲ್ಲ ಅನ್ನುವುದೇ ಹುಲಿಗೇಶನಿಗೆ ದೊಡ್ಡದಾಯಿತು.

ಮೇ ತಿಂಗಳ ಎರಡನೆಯ ವಾರ, ಬೆಳಗಿನ ಏಳು ಗಂಟೆಗೆ ಫೋನು ಬಂತು. ಮಾತಾಡಿದವನು ಗುರುಬಸವ, ತುರ್ವಿಹಾಳದ ಬಸವಂತರಾಯರ ಹಿರಿಯ ಮಗ.

"ಹುಲಿಗೇಶಪ್ಪಾ, ಅಪ್ಪಾರು ಹೋದ್ರು. ತಮ್ಮ ಮಿಲಿಟರ‍್ಯಾಗ ಅಸ್ಸಾಮಿನಾಗ ಅದಾನ, ನಾಡಿದ್ದ ಮುಂಜಾನಿ ಮುಟ್ತಾನಂತ. ನಿನ್ನ ಹಂತ್ಯಾಕ ಕುಂದ್ರಿಸೂ ಪೆಟಿಗಿ ಐತಂತಲ್ಲ?"

"ಐತ್ರಿ ಧಣಿ. ಈಗ ತರ್ತೀನ್ರಿ."

"ಬಾಡಿಗಿ ಎಷ್ಟರ ಆಗ್ಲಿ, ನೀನ ಬಾ."

ಹುಲಿಗೇಶಪ್ಪಾ ಅಂದಿದ್ದರು. ಅವನಪ್ಪನನ್ನು ಆ ಮನೆಯವರು ಯಾವತ್ತೂ ಅಂಬ್ಯಾ ಅಂದದ್ದೇ. ಫೋನು ಇಟ್ಟ ಮೇಲೆ ಹುಲಿಗೇಶ ಒಗೆದ ಅಂಗಿ ಹಾಕಿಕೊಂಡ. ರಸೀದಿ ಪುಸ್ತಕ ಜೇಬಿನಲ್ಲಿಟ್ಟುಕೊಂಡ. ಸಾವಿನ ಮನೆಗೆ ಹೊರಟವನಿಗೆ ಹೀಗೆ ಹುರುಪು ಬರಬಾರದು ಎಂದು ಅವನಿಗೇ ನಾಚಿಕೆಯಾಯಿತು, ಆದರೂ ಬಂತು.

ಸಿಂಧನೂರಿನ ಶೆಡ್ಡಿನಿಂದ ತುರ್ವಿಹಾಳದ ತನಕ ಪೆಟ್ಟಿಗೆ ಗಾಡಿಯಲ್ಲಿ ಗುಂಡುಕಲ್ಲಿನ ಹಾಗೆ ನಿಂತು ಬಂತು. ಕಾಲುವೆಯ ಸೇತುವೆಯ ಮೇಲೆ ಗಾಡಿ ಎಗರಿದಾಗ ಹಿಂದೆ ತಿರುಗಿ ನೋಡಿದ, ಅಲುಗಿರಲಿಲ್ಲ. ಬಸವಂತರಾಯರ ಮನೆಯ ಮುಂದೆ ಜನ ಸೇರಿತ್ತು. ಗಾಡಿ ಕಂಡು ದಾರಿ ಬಿಟ್ಟರು. ಹಲಗೆ ಹಾಕಿ ಪೆಟ್ಟಿಗೆಯನ್ನು ಮೆಲ್ಲಗೆ ಅಂಗಳಕ್ಕೆ ಇಳಿಸಿ, ಹುಲಿಗೇಶ ರೂಢಿಯಂತೆ ಒಂದು ಕಡೆ ಸರಿದು ನಿಂತ. ಗುಂಡಿ ತೋರಿಸಲು ಯಾರನ್ನು ಕರೆಯಲಿ ಎಂದು ನೋಡುತ್ತಿದ್ದ.

"ಅಲ್ಲ್ಯಾಕ ನಿಂತಿ? ಮಿಷನ್ ಗೊತ್ತಿದ್ದಾಂವ ನೀನ. ತಗೊಂಡು ಒಳಗ ಬಾ" ಎಂದ ಗುರುಬಸವ.

ಅಂಗಳದಲ್ಲಿದ್ದ ಮುದುಕರೊಬ್ಬರು ಕೆಮ್ಮಿದರು. ಯಾರೂ ಬೇಡ ಅನ್ನಲಿಲ್ಲ. ಹುಲಿಗೇಶ ಚಪ್ಪಲಿ ಬಿಟ್ಟು, ಪೆಟ್ಟಿಗೆಯನ್ನು ತಳ್ಳಿಕೊಂಡು ಆ ಮನೆಯ ಹೊಸ್ತಿಲು ದಾಟಿದ. ಚಿಕ್ಕಂದಿನಿಂದ ಹೊರಗಿನಿಂದ ನೋಡಿದ ಬಾಗಿಲು ಅದು. ಏಳು ಅಡಿಗೂ ಎತ್ತರ, ಹಿತ್ತಾಳೆಯ ಮೊಳೆ ಹೊಡೆದ ಕದ. ಪೆಟ್ಟಿಗೆಯ ಮೇಲೆ ಇನ್ನೂ ಒಂದೂವರೆ ಅಡಿ ಜಾಗ ಉಳಿಯಿತು. ಅಪ್ಪ ಇಲ್ಲಿದ್ದು ನೋಡಬೇಕಿತ್ತು ಅನ್ನಿಸಿತು.

ಒಳಗೆ ಎದುರಿಗೆ ಗೋಡೆ. ಬಲಕ್ಕೆ ದನ ಕಟ್ಟುವ ಜಾಗ. ಎಡಕ್ಕೆ ತಿರುಗಿದರೆ ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಕಲ್ಲಿನ ಚೌಕಟ್ಟಿನ ಇನ್ನೊಂದು ಬಾಗಿಲು. ಅದನ್ನು ನೋಡಿದ ಕೂಡಲೇ ಹುಲಿಗೇಶನ ಕೈ ಪೆಟ್ಟಿಗೆಯ ಮೇಲೆ ಹಾಗೆಯೇ ನಿಂತಿತು. ಮೆಟ್ಟಿಲು ಹತ್ತಿ ನಿಂತರೆ ಬಾಗಿಲು ಅವನ ಗದ್ದದ ಮಟ್ಟಕ್ಕೆ ಬರುತ್ತಿತ್ತು. ನಾಲ್ಕೂವರೆ, ಬಹಳವೆಂದರೆ ನಾಲ್ಕು ಮುಕ್ಕಾಲು ಅಡಿ. ದೇವರ ಕೋಣೆಯ ಎದುರಿಗಿನ ನಡುಮನೆಗೆ ಹೋಗುವವರು ತಲೆ ಬಗ್ಗಿಸಿಯೇ ಹೋಗಬೇಕೆಂದು ಹಿಂದಿನವರು ಹಾಗೆ ಕಟ್ಟಿಸಿದ್ದು. ಈ ಸೀಮೆಯ ಹಳೇ ಮನೆಗಳಲ್ಲೆಲ್ಲ ಒಳಬಾಗಿಲು ಹಾಗೆಯೇ. ಒಳಗೆ ಓಡಾಡುವ ಮಕ್ಕಳಿಗೂ ಗೊತ್ತಿರುವ ಮಾತು. ದೊಡ್ಡವರ ಮನೆಯ ಬಾಗಿಲುಗಳೆಲ್ಲ ದೊಡ್ಡವೇ ಇರುತ್ತವೆ ಎಂದು ಹುಲಿಗೇಶ ತಿಳಿದಿದ್ದ. ಮೂರು ಊರು ತಿರುಗಿ ಗಾಡಿಗಳ ಬಾಗಿಲು ಅಳೆದವನು ಇದನ್ನು ಅಳೆದಿರಲಿಲ್ಲ. ಅಳೆಯಲು ಇದು ಇದೆ ಎಂದಾದರೂ ಗೊತ್ತಿರಬೇಕಲ್ಲ.

ನಡುಮನೆಯಲ್ಲಿ ಬಸವಂತರಾಯರು ಗೋಡೆಗೆ ಒರಗಿ ಕೂತಿದ್ದರು. ವಿಭೂತಿ ಹಚ್ಚಿಯಾಗಿತ್ತು.

"ಹೋಗಂಗಿಲ್ರಿ ಧಣಿ" ಎಂದ ಹುಲಿಗೇಶ.

ಹೆಣವನ್ನೇ ಇಲ್ಲಿಗೆ ತರೋಣವೇ ಎಂದು ಯಾರೋ ಕೇಳಿದರು. ಹಿರಿಯ ಹೆಂಗಸರು ಒಪ್ಪಲಿಲ್ಲ. ಒಮ್ಮೆ ದೇವರ ಮುಂದೆ ಕೂಡಿಸಿದವರನ್ನು ದನ ಕಟ್ಟುವ ಜಾಗಕ್ಕೆ ತಂದು ಎರಡು ದಿನ ಇಡುವುದೇ? ಗುರುಬಸವನಿಗೂ ಅದು ಸರಿ ಕಾಣಲಿಲ್ಲ.

"ಅಡ್ಡ ಹಾಕ್ರಿ. ಮಲಗಿಸಿ ದಾಟಿಸಿ ಒಳಗ ನಿಲ್ಲಿಸಿದ್ರಾತು."

"ಬ್ಯಾಡ್ರಿ, ಅಡ್ಡ ಹಾಕಿದ್ರ ಕೆಡ್ತೈತ್ರಿ ಇದು."

"ಎರಡು ನಿಮಿಷದಾಗ ಏನು ಕೆಡ್ತೈತಿ? ನಿಮ್ಮಪ್ಪ ಆಗಿದ್ರ ಒಂದ ಮಾತಿಗೆ ಎತ್ತತಿದ್ದ. ಹಿಡಿ."

ಇಲ್ಲಿ ಹುಲಿಗೇಶ ಇಲ್ಲ ಅನ್ನಬೇಕಿತ್ತು. ಡ್ರೈವರುಗಳಿಗೆ ಕೈಮುಗಿದು ಹೇಳಿದ ಮಾತು, ಯಾರೊಡನೆ ಬೇಕಾದರೂ ಜಗಳವಾಡಿ ಹೇಳಬಲ್ಲ ಮಾತು, ಆ ಮನೆಯೊಳಗೆ ಬಾಯಿಗೆ ಬರಲಿಲ್ಲ. ಮೊದಲ ಸಲ ಒಳಗೆ ಕರೆದವರಿಗೆ ಆಗುವುದಿಲ್ಲ ಎಂದು ಹೇಳಿ ಹೊರಗೆ ಹೋಗುವುದು ಅವನಿಂದಾಗಲಿಲ್ಲ. ತಾನೇ ಬಗ್ಗಿ ಭಾರದ ಬುಡ ಹಿಡಿದ. ಇಬ್ಬರು ಅವನ ಜೊತೆ ಕೈಜೋಡಿಸಿದರು, ಇಬ್ಬರು ಮೇಲಿನ ತುದಿ ಹಿಡಿದರು. ಮಲಗಿಸಿದರು. ಮೂರನೆಯ ಮೆಟ್ಟಿಲಲ್ಲಿ ಒಬ್ಬನ ಕಾಲು ಜಾರಿತು, ಬುಡ ಕಲ್ಲಿಗೆ ಬಡಿಯಿತು. ಒಳಗೆಲ್ಲೋ ಹಾವು ಬುಸುಗುಟ್ಟಿದಂತೆ ಸಣ್ಣ ಸದ್ದು ಬಂತು, ನಿಂತಿತು. ಪೈಪು ಮುರಿದು ತಂಪಿನ ಗ್ಯಾಸು ಹೊರಟದ್ದೆಂದು ಹುಲಿಗೇಶನೊಬ್ಬನಿಗೇ ಗೊತ್ತು.

ಅವನು ಅದನ್ನು ಹೇಳಲಿಲ್ಲ. ಅದೊಂದು ತಪ್ಪನ್ನು ನಾನು ಅವನಿಗೆ ಮಾಫಿ ಮಾಡಲಾರೆ, ಅವನೂ ಮಾಡಿಕೊಂಡಿಲ್ಲ. ಹಚ್ಚಿದಾಗ ನೆತ್ತಿಯ ಮೇಲಿನ ಲೈಟು ಹತ್ತಿತು, ಫ್ಯಾನು ತಿರುಗಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಹೇಗೋ ಆದೀತು, ಸ್ವಲ್ಪವಾದರೂ ತಂಪಾದೀತು ಎಂದು ಕೈಲಾಗದ ಆಸೆ ಹಿಡಿದುಕೊಂಡು ಅವನು ಸುಮ್ಮನೆ ನಿಂತ. ಬಸವಂತರಾಯರನ್ನು ಎತ್ತಿ ಒಳಗೆ ಕೂಡಿಸಿದರು, ಗಾಜು ಮುಚ್ಚಿದರು. ಒಂದು ತಾಸಿನಲ್ಲಿ ಗಾಜಿನ ಒಳಗಡೆ ಬೆವರಿಳಿಯಿತು. ಎರಡು ತಾಸಿಗೆ ಹಣೆಯ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯತೊಡಗಿತು. ಗುರುಬಸವ ಪೆಟ್ಟಿಗೆಯ ಗಾಜು ತೆಗೆದು ಕೈ ಒಳಗಿಟ್ಟ. ವಾಸನೆ ಶುರುವಾಗಿತ್ತು.

"ಹೊರಗಿನಕಿಂತ ಒಳಗ ಶೆಕಿ ಐತೆಲ್ಲೋ! ನಮ್ಮಪ್ಪನ್ನ ಬೇಯಿಸಾಕ ಹಾಕೀಯೇನಲೇ?"

ಹುಲಿಗೇಶಪ್ಪಾ ಅಂದವರ ಬಾಯಲ್ಲಿ ಲೇ ಬಂತು. ಹುಲಿಗೇಶ ತಲೆ ತಗ್ಗಿಸಿದ. ಒಬ್ಬ ಹೊಡೆಯಲು ಕೈಯೆತ್ತಿದ, ಇನ್ನೊಬ್ಬ ಸಾವಿನ ಮನೆ ಎಂದು ತಡೆದ. ಹೊಡೆದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಹೆಣವನ್ನು ತೆಗೆದು ಮತ್ತೆ ಗೋಡೆಗೆ ಒರಗಿಸುವಾಗ ಮುದುಕಿಯೊಬ್ಬಳು ಸೆರಗಿನಿಂದ ಗಂಡನ ಮೂಗಿನ ಮೇಲಿನ ವಿಭೂತಿ ಒರೆಸಿದಳು. ಅದನ್ನು ನೋಡಿ ಅವನಿಗೆ ತನ್ನ ಕಣ್ಣು ಕಿತ್ತು ಬಿಸಾಡಬೇಕೆನ್ನಿಸಿತು.

"ಗಾಡಿ ಐತೆಲ್ಲ ನಿನ್ನ ಹಂತ್ಯಾಕ. ಸಿಂಧನೂರಿಗೆ ಹೋಗಿ ಐಸ್ ಗಡ್ಡಿ ತಗೊಂಡು ಬಾ. ಹಂಗ ಉಪ್ಪು, ಕಟ್ಟಿಗಿ ಹೊಟ್ಟು. ಲಗೂನ ಬಾ" ಎಂದ ಗುರುಬಸವ, ಮುಖ ನೋಡದೆ.

ಹುಲಿಗೇಶ ಹೋದ. ಐಸ್ ತಂದು ಅಂಗಳದಲ್ಲಿ ಇಳಿಸಿದ. ಈ ಸಲ ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಮನೆಯ ಆಳುಗಳು ಬಂದು ಎತ್ತಿಕೊಂಡು ಹೋದರು. ಮರುದಿನವೂ ತಂದ. ಅಸ್ಸಾಮಿನಿಂದ ಬಂದ ಮಗನನ್ನು ಮೂರನೆಯ ದಿನ ಸಿಂಧನೂರಿನ ಬಸ್ ನಿಲ್ದಾಣದಿಂದ ಕರೆತಂದವನೂ ಅವನೇ. ಬಾಡಿಗೆಯ ಮಾತು ಅವರು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮಣ್ಣು ಮುಗಿದ ಮೇಲೆ ಆಳುಗಳು ಪೆಟ್ಟಿಗೆಯನ್ನು ಒಳಗಿಂದ ಎಳೆದು ತಂದು ಗಾಡಿಯಲ್ಲಿ ಮಲಗಿಸಿ ಹೋದರು. ಒಂದು ಕಡೆಯ ಗಾಜು ಸೀಳಿತ್ತು. ಫೋನಿನಲ್ಲಿ ನಾಸೀರ ಎಲ್ಲ ಕೇಳಿಕೊಂಡು, "ಯಾವ ಹಳೇ ಮನಿಗೆ ಒಯ್ದರೂ ಇದ ಆಗೂದು ಹುಲಿಗಾ. ಗಿಡ್ಡ ಮಾಡಾಕ ಬರಂಗಿಲ್ಲ, ಮನಶಾ ಕುಂದ್ರಬೇಕಲ್ಲ ಅದರಾಗ" ಎಂದು ಫೋನು ಇಟ್ಟ.

ಸಂಜೆ ಬಿಸಿಲಿರುವಾಗಲೇ ಹುಲಿಗೇಶ ಕೇರಿಗೆ ಬಂದ. ಅಂಬಿಕಾ ಗಾಡಿಯೊಳಗೆ ಇಣುಕಿದಳು, ಮಲಗಿದ್ದ ಪೆಟ್ಟಿಗೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಂಬಪ್ಪ ಕಟ್ಟೆಯ ಮೇಲೆ ಕೂತಿದ್ದ. ಧಣಿ ಸತ್ತ ಮೂರು ದಿನವೂ ಅವನು ಸರಿಯಾಗಿ ಉಂಡಿರಲಿಲ್ಲ. ಮಗ ಬಂದು ಕಾಲ ಹತ್ತಿರ ಕೂತ. ಮೂರು ದಿನದಿಂದ ತಡೆದಿದ್ದ ಅಳು ಈಗ ಬಂತು, ತಡೆಯಲಿಲ್ಲ.

"ಎಲ್ಲಾ ಗಾಡಿ ಬಾಗ್ಲ ಅಳದೆ ಯಪ್ಪಾ. ಆ ಮನಿ ಬಾಗ್ಲದಾಗ ಪೆಟಿಗಿ ಹೋಗಲಿಲ್ಲ. ನಲವತ್ತು ವರ್ಷ ಅಲ್ಲಿ ದುಡದೀಯಲ್ಲ, ಗಿಡ್ಡ ಐತಿ ಅಂತ ಒಂದ ಮಾತು ಹೇಳಬಾರದಿತ್ತೇನು ನನಗ?"

ಅಂಬಪ್ಪ ಅರ್ಥವಾಗದೆ ಮಗನ ಮುಖ ನೋಡಿದ.

"ಗಿಡ್ಡ ಎಲ್ಲೈತೋ? ಮೇವಿನ ಹೊರಿ ಹೊತ್ತ ಆಳು ಬಗ್ಗಲಾರದ ಹೋಗ್ತಾರಲ್ಲೋ ಅದರಾಗ. ನಾನ ಹೊಸ್ತಿಲ ತನಕ ತಂದು ಕೊಡ್ತಿದ್ದೆ, ನೋಡೀನಿ."

"ಅದಲ್ಲ ಯಪ್ಪಾ. ಒಳಬಾಗ್ಲ."

ಅಂಬಪ್ಪ ಬಸವಂತರಾಯರ ಮನೆಯ ದಿಕ್ಕಿಗೆ ತಿರುಗಿದ.

"ಒಳಗ ಇನ್ನೊಂದು ಬಾಗ್ಲ ಐತೇನು?" ಎಂದು ಕೇಳಿದ.